ಕೊಲೆಗಾರ ಸಿಕ್ಕ ಮೇಲೂ ಮುಗಿಯದ ‘ಮೆಮೊರೀಸ್ ಆಫ್ ಮರ್ಡರ್’

ಬಾಂಗ್ ಜೂನ್-ಹೋ ನಿರ್ದೇಶನದ ಈ ಕೊರಿಯನ್ ಸಿನಿಮಾ (2003) ನೋಡಿದವರು ಇವತ್ತಿಗೂ ಕೇಳೋದು ಒಂದೇ: ಆ ಮೆತ್ತನೆ ಕೈಯ ಯುವಕನೇ ಕೊಲೆಗಾರನಾ? ಡಿಎನ್‌ಎ ಹೊಂದಲ್ಲ ಅಂತ ಅಮೆರಿಕದಿಂದ ವರದಿ ಬರುತ್ತೆ. ಆದ್ರೂ ನಮ್ಮ ಅನುಮಾನ ಹೋಗಲ್ಲ. ಸಾಕ್ಷ್ಯ ಇಲ್ಲದಿದ್ರೂ ಒಬ್ಬ ಅಪರಾಧಿ ಬೇಕೇ ಬೇಕು ಅನ್ನೋ ಪೊಲೀಸರ ಹಸಿವು ಅಷ್ಟೊತ್ತಿಗೆ ನಮಗೂ ಅಂಟಿರುತ್ತೆ.

ಕಾಲ 1986, ಮಿಲಿಟರಿ ಹಿನ್ನೆಲೆಯ ಚುನ್ ಡೂ-ಹ್ವಾನ್ ಆಡಳಿತ. ಕೊಲೆ ತಡೆಯೋಕೆ ಪಡೆ ಕೇಳಿದ್ರೆ, ಎಲ್ಲರೂ ಪ್ರತಿಭಟನೆ ಹತ್ತಿಕ್ಕೋಕೆ ಹೋಗಿದ್ದಾರೆ! ಠಾಣೆಯಲ್ಲಿ ಮಾತ್ರ ಒದ್ದು ತಪ್ಪೊಪ್ಪಿಗೆ ಬರೆಸೋ ಕೆಲಸ ನಿಲ್ಲಲ್ಲ.

ಸಿನಿಮಾಕ್ಕೆ ಆಧಾರವಾದ ಹ್ವಾಸೊಂಗ್ ಕೊಲೆಗಳ ನಿಜವಾದ ಹಂತಕ ಲೀ ಚುನ್-ಜೇ ಅಂತ 2019ರಲ್ಲಿ ಡಿಎನ್‌ಎ ಹೇಳಿತು. ಕಾಲಮಿತಿ 2006ಕ್ಕೇ ಮುಗಿದಿತ್ತು, ಹಾಗಾಗಿ ಶಿಕ್ಷೆ ಇಲ್ಲ. ಅವನು ಒಪ್ಪಿಕೊಂಡ 1988ರ ಒಂದು ಕೊಲೆಗೆ ಆಗಲೇ ಬೇರೊಬ್ಬರು 20 ವರ್ಷ ಜೈಲಲ್ಲಿ ಕಳೆದಿದ್ದರು. ಅದೂ ಬಲವಂತದ ತಪ್ಪೊಪ್ಪಿಗೆ. ಅವರ ಖುಲಾಸೆ ಆಗಿದ್ದು 2020ರ ಡಿಸೆಂಬರ್‌ನಲ್ಲಿ.

ಕೊನೆಯ ಶಾಟ್‌ನಲ್ಲಿ ಪತ್ತೇದಾರ ಸೀದಾ ಕ್ಯಾಮೆರಾ ನೋಡ್ತಾನೆ, ಥಿಯೇಟರಲ್ಲಿ ಕೊಲೆಗಾರ ಕೂತಿರಬಹುದು ಅಂತ. ಆದರೆ 2003ರಲ್ಲಿ ಲೀ ನಾದಿನಿಯ ಕೊಲೆಗಾಗಿ ಜೈಲಲ್ಲಿದ್ದ. ಆ ನಿರಪರಾಧಿಯೂ ಜೈಲಲ್ಲೇ. ಟಿಕೆಟ್ ತಗೊಂಡು ಆರಾಮಾಗಿ ಕೂರಬಹುದಿದ್ದವರು ತಪ್ಪೊಪ್ಪಿಗೆ ಬರೆಸಿಕೊಂಡ ಪೊಲೀಸರು.