ನಳಿಗೆಯಲ್ಲಿ ಸಿಕ್ಕಿಕೊಂಡ ಚೋಕ್: ಬಿಡಿಸುವುದರ ಹಿಂದಿನ ವಿಜ್ಞಾನ

ತುಕ್ಕು ಹಿಡಿದ ನಟ್ಟನ್ನು ಬಿಚ್ಚಲು ಹೆಣಗದವರು ವಿರಳ. ಸೈಕಲ್ಲಿನ ಪೆಡಲ್, ಪಂಪ್‌ಸೆಟ್ಟಿನ ಬೋಲ್ಟು, ಪ್ರಯೋಗಾಲಯದ ಸ್ಟ್ಯಾಂಡಿನ ತಿರುಪು - ಎಲ್ಲೆಡೆ ಇದೇ ಪಾಡು. ಆಗ ನಾವು ಮೊದಲು ಮಾಡುವ ಕೆಲಸ ಉದ್ದನೆಯ ಸ್ಪ್ಯಾನರ್ ತಂದು ಬಲ ಹೆಚ್ಚಿಸುವುದು. ನಟ್ಟು ಮುರಿದರೆ ಹೊಸದನ್ನು ಹಾಕಬಹುದು. ಆದರೆ ಚರೆಕೋವಿ, ಅಂದರೆ ಶಾಟ್‌ಗನ್ನಿನ ನಳಿಗೆಯ ತುದಿಯಲ್ಲಿ ಚೋಕ್ ಕೊಳವೆ ಸಿಕ್ಕಿಕೊಂಡಾಗ ಹೀಗೆ ಬಲ ಹೆಚ್ಚಿಸುವುದು ಅಪಾಯಕಾರಿ. ಏಕೆಂದರೆ ಅಲ್ಲಿ ಕೆಡುವುದು ನಳಿಗೆಯೇ.

ಚೋಕ್ ಎಂದರೇನು?

12 ಬೋರ್ ಕೋವಿಯ ಹೆಸರಿನಲ್ಲೇ ಒಂದು ಲೆಕ್ಕ ಅಡಗಿದೆ. ಒಂದು ಪೌಂಡ್, ಅಂದರೆ 453.6 ಗ್ರಾಂ ಸೀಸದಿಂದ 12 ಸಮಾನ ಗುಂಡುಗಳನ್ನು ಮಾಡಿದರೆ, ಒಂದು ಗುಂಡಿನ ವ್ಯಾಸವೇ ಆ ನಳಿಗೆಯ ಒಳವ್ಯಾಸ. ಸೀಸದ ಸಾಂದ್ರತೆ ಒಂದು ಘನ ಸೆಂ.ಮೀ.ಗೆ 11.34 ಗ್ರಾಂ ಎಂದು ಹಿಡಿದು ಲೆಕ್ಕ ಹಾಕಿದರೆ 18.5 ಮಿ.ಮೀ. ಬರುತ್ತದೆ.

ನಳಿಗೆಯಿಂದ ಹೊರಬಿದ್ದ ಚರೆಗಳು ಮುಂದೆ ಹೋದಂತೆ ಹರಡುತ್ತವೆ. ತುದಿಯಲ್ಲಿ ಒಳವ್ಯಾಸವನ್ನು ಸ್ವಲ್ಪ ಕಿರಿದಾಗಿಸಿದರೆ ಹರಡುವಿಕೆ ಕಡಿಮೆಯಾಗುತ್ತದೆ. ಈ ಕಿರಿದಾದ ಭಾಗವೇ ಚೋಕ್. 'ಫುಲ್' ಚೋಕಿನಲ್ಲಿ ವ್ಯಾಸ ಸುಮಾರು 0.9 ರಿಂದ 1 ಮಿ.ಮೀ.ನಷ್ಟು ಕಡಿಮೆ ಇರುತ್ತದೆ. 'ಇಂಪ್ರೂವ್ಡ್ ಸಿಲಿಂಡರ್' ಚೋಕಿನಲ್ಲಿ ಸುಮಾರು 0.25 ಮಿ.ಮೀ. ಮಾತ್ರ. ಗುರಿ ದೂರ ಸರಿಯುವ ಟ್ರ್ಯಾಪ್ ಸ್ಪರ್ಧೆಗೆ ಬಿಗಿಯಾದ ಚೋಕ್, ಸಮೀಪದ ಗುರಿಯ ಸ್ಕೀಟ್ ಸ್ಪರ್ಧೆಗೆ ಸಡಿಲ ಚೋಕ್ ಅನುಕೂಲ. ಆದ್ದರಿಂದ ಇಂದಿನ ಅನೇಕ ಕೋವಿಗಳಲ್ಲಿ ಚೋಕನ್ನು ಪ್ರತ್ಯೇಕ ಕೊಳವೆಯಾಗಿ ಮಾಡಿ, ನಳಿಗೆಯ ಒಳಗೆ ಥ್ರೆಡ್ ಎಂದು ಕರೆಯುವ ತಿರುಪಿನ ಮರೆಗಳ ಮೂಲಕ ಕೂರಿಸುತ್ತಾರೆ. ಈ ಮರೆ ಕೊರೆದ ಜಾಗದಲ್ಲಿ ಉಳಿಯುವ ಉಕ್ಕಿನ ಗೋಡೆ ಬಹಳ ತೆಳು ಎಂಬುದನ್ನು ನೆನಪಿನಲ್ಲಿಡಬೇಕು.

ಹಿಡಿದಿಟ್ಟಿರುವುದು ಏನು?

ಚೋಕ್ ಸಿಕ್ಕಿಕೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ತುಕ್ಕು. ಕಬ್ಬಿಣ ಆಕ್ಸೈಡ್ ಆದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರುತ್ತದೆ. ಮರೆಗಳ ನಡುವಿನ ಕಿರಿದಾದ ಜಾಗದಲ್ಲಿ ಈ ಆಕ್ಸೈಡ್ ಬೆಣೆಯಂತೆ ಕೂರುತ್ತದೆ. ಕೊಡಗು, ಮಲೆನಾಡಿನಂಥ ಮಳೆಯ ಪ್ರದೇಶಗಳಲ್ಲಿ ಇದಕ್ಕೆ ಹೆಚ್ಚು ಅವಕಾಶ.

ಎರಡನೆಯದು ಮಸಿ ಮತ್ತು ಪ್ಲಾಸ್ಟಿಕ್. ತೋಟಾದಲ್ಲಿ ಚರೆಗಳನ್ನು ಹಿಡಿದಿಡುವ ಪಾಲಿಥೀನ್ ಬಟ್ಟಲು ನಳಿಗೆಗೆ ಉಜ್ಜಿ ತೆಳುವಾದ ಪದರ ಬಿಡುತ್ತದೆ. ಅದು ಮಸಿಯೊಂದಿಗೆ ಸೇರಿ ಗೋಂದಿನಂತಾಗುತ್ತದೆ.

ಮೂರನೆಯದು ಲೋಹಕ್ಕೆ ಲೋಹ ಕಚ್ಚುವುದು. ಜಿಡ್ಡಿಲ್ಲದ ಮರೆಗಳು ಒತ್ತಡದಲ್ಲಿ ಉಜ್ಜಿದಾಗ ಮೇಲ್ಮೈಗಳು ಬೆಸೆದುಕೊಳ್ಳುತ್ತವೆ. ಸೀಸ ವಿಷಕಾರಿಯಾದ್ದರಿಂದ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿ ಉಕ್ಕಿನ ಚರೆ ಬಳಸುತ್ತಾರೆ. ಗಡುಸಾದ ಈ ಚರೆ ತೀರ ಬಿಗಿಯಾದ ಚೋಕಿನ ಮೂಲಕ ಹಾಯ್ದರೆ ಚೋಕ್ ಹೊರಕ್ಕೆ ಉಬ್ಬಿ ನಳಿಗೆಗೆ ಒತ್ತಿಕೊಳ್ಳಬಹುದು.

ಬಲವೇಕೆ ಬೇಡ?

ತಿರುಚುಬಲವೆಂದರೆ ಬಲ ಮತ್ತು ಹಿಡಿಕೆಯ ಉದ್ದದ ಗುಣಲಬ್ಧ. 10 ಸೆಂ.ಮೀ. ಹಿಡಿಕೆಗೆ 100 ನ್ಯೂಟನ್ ಬಲ ಹಾಕಿದರೆ 10 ನ್ಯೂಟನ್-ಮೀಟರ್. ಹಿಡಿಕೆಗೆ ಪೈಪು ತೊಡಿಸಿ 50 ಸೆಂ.ಮೀ. ಮಾಡಿದರೆ 50. ಈ ಪೂರ್ತಿ ತಿರುಚುಬಲ ಚೋಕಿನ ಅಂಚಿನಲ್ಲಿರುವ ಪುಟ್ಟ ಕಚ್ಚುಗಳ ಮೇಲೆ ಬೀಳುತ್ತದೆ. ಕಚ್ಚು ಹರಿಯಬಹುದು, ನಳಿಗೆ ಸೊಟ್ಟಗಾಗಬಹುದು. ನಳಿಗೆಯ ತುದಿಯನ್ನೇ ವೈಸಿನಲ್ಲಿ ಬಿಗಿದರಂತೂ ಅದು ಅಂಡಾಕಾರವಾಗಿ ಚೋಕನ್ನು ಇನ್ನಷ್ಟು ಹಿಡಿಯುತ್ತದೆ. ಆದ್ದರಿಂದ ಮೊದಲು ಹಿಡಿತವನ್ನು ಸಡಿಲಿಸಬೇಕು, ತಿರುಗಿಸುವುದು ಅನಂತರ.

ಎಣ್ಣೆ ಮತ್ತು ಕಾಲ

ಸಂದುಗಳಿಗೆ ನುಗ್ಗುವ ತೆಳು ಎಣ್ಣೆ ಲೋಮನಾಳ ಕ್ರಿಯೆಯಿಂದ ಒಳಸರಿಯುತ್ತದೆ. ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು. ಆದರೆ ಹರಿವಿಗೆ ತಡೆ ಅದಕ್ಕಿಂತ ಹೆಚ್ಚು. ಜೊತೆಗೆ, ಎಣ್ಣೆ ಸಾಗುವ ದೂರ ಎರಡರಷ್ಟಾದರೆ ಬೇಕಾಗುವ ಕಾಲ ನಾಲ್ಕರಷ್ಟಾಗುತ್ತದೆ. ಹತ್ತು ನಿಮಿಷ ಕಾದು ಎಣ್ಣೆಯನ್ನು ಬೈಯುವುದು ತರವಲ್ಲ. ಒಂದು ರಾತ್ರಿ, ಬೇಕಾದರೆ ಎರಡು ದಿನ ನೆನೆಸಬೇಕು.

ಬಿಸಿ ಮಾಡಿದರೆ?

ಕಾಯಿಸಿದ ಉಂಗುರದ ರಂಧ್ರ ಕುಗ್ಗುತ್ತದೆಂದು ಹಲವು ವಿದ್ಯಾರ್ಥಿಗಳು ತಪ್ಪಾಗಿ ತಿಳಿಯುತ್ತಾರೆ. ವಾಸ್ತವವಾಗಿ ರಂಧ್ರವೂ ಹಿಗ್ಗುತ್ತದೆ. ಉಕ್ಕಿನ ವ್ಯಾಕೋಚನ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಶಲಕ್ಷದಲ್ಲಿ ಸುಮಾರು 12 ಭಾಗ. ನಳಿಗೆ ಚೋಕಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾದರೆ, 20 ಮಿ.ಮೀ. ವ್ಯಾಸದಲ್ಲಿ 0.012 ಮಿ.ಮೀ. ಅಂತರ ಸಿಗುತ್ತದೆ. ಇದು ಅಲ್ಪವೆನಿಸಿದರೂ ಪೆಡಸಾದ ತುಕ್ಕನ್ನು ಬಿರುಕುಬಿಡಿಸಲು ನೆರವಾಗುತ್ತದೆ. ಎರಡೂ ಸಮನಾಗಿ ಬಿಸಿಯಾದರೆ ಈ ಲಾಭವಿಲ್ಲ. ಆದರೂ ಬಿಸಿಗೆ ಎಣ್ಣೆಯ ಸ್ನಿಗ್ಧತೆ ತಗ್ಗುತ್ತದೆ, ಪಾಲಿಥೀನ್ ಮೆತ್ತಗಾಗುತ್ತದೆ.

ಇದಕ್ಕೆ ಕುದಿನೀರು ಸಾಕು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅದೂ ಸಾಕು. ಗ್ಯಾಸ್ ಜ್ವಾಲೆ ಮಾತ್ರ ಕೂಡದು. ಅನೇಕ ಜೋಡಿನಳಿಗೆಗಳನ್ನು ತವರ-ಸೀಸದ ಬೆಸುಗೆಯಿಂದ ಕೂಡಿಸಿರುತ್ತಾರೆ. 63 ಭಾಗ ತವರ, 37 ಭಾಗ ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ.

ಕ್ರಮ ಹೀಗೆ

1. ಕೋವಿ ಖಾಲಿ ಇದೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡು ನಳಿಗೆಯನ್ನು ಬೇರ್ಪಡಿಸಬೇಕು. ಇದಾಗದೆ ಮುಂದಿನ ಹೆಜ್ಜೆಯಿಲ್ಲ.

2. ಚೋಕ್ ಬಿಚ್ಚುವಂಥದೇ ಎಂದು ನೋಡಬೇಕು. ಹಳೆಯ ಜೋಡಿನಳಿಗೆ ಕೋವಿಗಳಲ್ಲಿ ಸಾಮಾನ್ಯವಾಗಿ ಚೋಕ್ ನಳಿಗೆಯದೇ ಭಾಗ, ಅದನ್ನು ತಿರುಗಿಸುವಂತಿಲ್ಲ.

3. ತುದಿಯನ್ನು ಕೆಳಗೆ ಮಾಡಿ ಎಣ್ಣೆಯ ಬಟ್ಟಲಿನಲ್ಲಿ ನಿಲ್ಲಿಸಿ, ಹಿಂಬದಿಯಿಂದಲೂ ಸ್ವಲ್ಪ ಎಣ್ಣೆ ಬಿಡಬೇಕು. ಹೀಗೆ ಎರಡೂ ಕಡೆಯಿಂದ ಎಣ್ಣೆ ಮರೆಗಳನ್ನು ತಲುಪುತ್ತದೆ.

4. ಎಣ್ಣೆ ಒರೆಸಿ, ಬೇರೆಡೆ ಕಾಯಿಸಿ ತಂದ ಕುದಿನೀರಿನಲ್ಲಿ ತುದಿಯನ್ನು ಕೆಲವು ನಿಮಿಷ ಅದ್ದಬೇಕು. ಹತ್ತಿರ ಬೆಂಕಿ ಇರಬಾರದು.

5. ತುದಿಯಿಂದ ದೂರದಲ್ಲಿ, ಬಟ್ಟೆ ಸುತ್ತಿದ ಮರದ ತುಂಡುಗಳ ನಡುವೆ ನಳಿಗೆಯನ್ನು ಹಿಡಿದು, ಸರಿಯಾಗಿ ಕೂರುವ ಚೋಕ್ ಕೀಲಿಯಿಂದ ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಬಳಿಕ ಸಡಿಲಿಸಬೇಕು. ಬಲಗೈ ಮರೆಯಾದರೆ ತುದಿಯ ಕಡೆಯಿಂದ ನೋಡುವಾಗ ಸಡಿಲವಾಗುವುದು ಅಪ್ರದಕ್ಷಿಣೆಯಾಗಿ.

6. ಬಾರದಿದ್ದರೆ ಮತ್ತೆ ನೆನೆಸಬೇಕು. ಕಚ್ಚು ಹರಿದಿದ್ದರೆ ಅಥವಾ ಚೋಕ್ ಉಬ್ಬಿದ್ದರೆ ಪರವಾನಗಿ ಇರುವ ಕೋವಿ ದುರಸ್ತಿಗಾರರಿಗೆ ಒಪ್ಪಿಸುವುದೇ ಸರಿ.

ಹೊರಬಂದ ಮೇಲೆ ಮರೆಗಳನ್ನು ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಮಾಲಿಬ್ಡಿನಮ್ ಡೈಸಲ್ಫೈಡ್ ಅಥವಾ ತಾಮ್ರದ ಪುಡಿ ಬೆರೆತ ಗ್ರೀಸನ್ನು ತೆಳುವಾಗಿ ಸವರಬೇಕು. ಚೋಕ್ ಇಲ್ಲದೆ ಅಥವಾ ಸಡಿಲ ಚೋಕಿನಿಂದ ಗುಂಡು ಹಾರಿಸಿದರೆ ಮರೆಗಳು ಕೆಡುತ್ತವೆ, ನಳಿಗೆ ಉಬ್ಬಲೂಬಹುದು.

ತರಗತಿಯಲ್ಲಿ ಇದನ್ನು ಪರೀಕ್ಷಿಸಲು ಕೋವಿ ಬೇಕಿಲ್ಲ. ಒಂದೇ ಅಳತೆಯ ನಾಲ್ಕು ಬೋಲ್ಟು-ನಟ್ಟುಗಳನ್ನು ಸಮನಾಗಿ ಬಿಗಿದು, ಉಪ್ಪುನೀರಿನಲ್ಲಿ ತುಕ್ಕು ಹಿಡಿಸಿ. ಒಂದನ್ನು ಹಾಗೆಯೇ ಬಿಡಿ. ಉಳಿದವನ್ನು ಒಂದು ಗಂಟೆ, ಒಂದು ದಿನ, ಒಂದು ವಾರ ಎಣ್ಣೆಯಲ್ಲಿಡಿ. ಸ್ಪ್ಯಾನರಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ನಟ್ಟು ಅಲುಗಿದಾಗಿನ ಬಲವನ್ನು ಬರೆದುಕೊಳ್ಳಿ. ಕಾಲ ಮತ್ತು ತಿರುಚುಬಲಗಳ ನಕ್ಷೆಯನ್ನು ವಿದ್ಯಾರ್ಥಿಗಳೇ ಎಳೆಯಲಿ.