ಹತ್ತೊಂಬತ್ತು ವರ್ಷದ ಗ್ಯಾಪ್, ಅರವತ್ತೈದರ ಗಂಟಲು

ಬ್ರೂಸ್ ಡಿಕಿನ್ಸನ್ ಗೊತ್ತಾ ಅಂತ ಕ್ಯಾಂಪಸ್ಸಿನಲ್ಲಿ ಕೇಳಿದರೆ ಕೆಲವರು "ಐರನ್ ಮೇಡನ್ ಸಿಂಗರ್ ಅಲ್ವಾ" ಅಂತಾರೆ. ಇನ್ನು ಕೆಲವರಿಗೆ ಆ ಬ್ಯಾಂಡಿನ ಟೀ ಶರ್ಟ್ ಗೊತ್ತು, ಹಾಡು ಗೊತ್ತಿಲ್ಲ. ಇಬ್ಬರಿಗೂ ಸೇರಿಸಿಯೇ ಈ ಲೇಖನ ಬರೀತಿದೀವಿ.

ವಿಷಯ ಇಷ್ಟು. 2024ರ ಮಾರ್ಚ್ 1ರಂದು ಬ್ರೂಸ್ ಅವರ ಸೋಲೋ ಆಲ್ಬಮ್ 'ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್' ಬಂತು. ಅದಕ್ಕೂ ಹಿಂದಿನ ಸೋಲೋ ಆಲ್ಬಮ್ 'ಟಿರನಿ ಆಫ್ ಸೋಲ್ಸ್' ಬಂದಿದ್ದು 2005ರಲ್ಲಿ. ನಡುವೆ ಹತ್ತೊಂಬತ್ತು ವರ್ಷ, ಅಂದರೆ ಹೆಚ್ಚುಕಮ್ಮಿ ನಮ್ಮ ವಯಸ್ಸು. ನಾವು ಹುಟ್ಟಿ, ಪಿಯುಸಿ ಮುಗಿಸಿ, ಸಿಇಟಿ ಬರೆದು ಇಲ್ಲಿಗೆ ಬರೋವರೆಗೂ ಅಭಿಮಾನಿಗಳು ಕಾದಿದ್ದಾರೆ! ಕಾದವರು ಆಲ್ಬಮ್ ಕೇಳಿದ ಮೇಲೆ ಎರಡು ಪಕ್ಷ ಆದರು. ಯಾಕೆ ಅಂತ ಅರ್ಥ ಆಗಬೇಕಾದರೆ ಹಾಡಿಗಿಂತ ಮೊದಲು ಗಂಟಲಿನ ಬಗ್ಗೆ ಸ್ವಲ್ಪ ತಿಳ್ಕೋಬೇಕು.

ಸೈರನ್ ಅಂತಲೇ ಹೆಸರು

ಬ್ರೂಸ್ ಹುಟ್ಟಿದ್ದು 1958ರಲ್ಲಿ, ಇಂಗ್ಲೆಂಡಿನಲ್ಲಿ. 1981ರಲ್ಲಿ ಐರನ್ ಮೇಡನ್ ಸೇರಿದರು. ಮುಂದಿನ ವರ್ಷ ಬಂದ 'ದಿ ನಂಬರ್ ಆಫ್ ದಿ ಬೀಸ್ಟ್' ಆಲ್ಬಮ್ಮಿನಿಂದ ಅವರ ದನಿ ಪ್ರಪಂಚಕ್ಕೇ ಗೊತ್ತಾಯಿತು. ಆ ದನಿಗೆ ಅಭಿಮಾನಿಗಳು ಇಟ್ಟ ಹೆಸರು 'ಏರ್ ರೇಡ್ ಸೈರನ್'. ಯುದ್ಧದ ಕಾಲದಲ್ಲಿ ವಿಮಾನದಾಳಿ ಆಗುವಾಗ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತಲ್ಲ, ಆ ಸೈರನ್.

1993ರಲ್ಲಿ ಬ್ಯಾಂಡ್ ಬಿಟ್ಟರು. ಆಮೇಲಿನ ಸೋಲೋ ಆಲ್ಬಮ್‌ಗಳಲ್ಲಿ 1998ರ 'ದಿ ಕೆಮಿಕಲ್ ವೆಡ್ಡಿಂಗ್' ಅನ್ನು ಅಭಿಮಾನಿಗಳು ಇವತ್ತಿಗೂ ತಲೆ ಮೇಲೆ ಹೊತ್ಕೊಂಡು ಓಡಾಡ್ತಾರೆ. 1999ರಲ್ಲಿ ಬ್ಯಾಂಡಿಗೆ ವಾಪಸ್. ಇದರ ಮಧ್ಯೆ ವಿಮಾನಯಾನ ಕಂಪನಿಯ ಪೈಲಟ್ ಆಗಿದ್ದೂ ಉಂಟು. 2008ರಿಂದ ಬ್ಯಾಂಡ್ ಟೂರ್ ಮಾಡಿದ ಬೋಯಿಂಗ್ 757 ವಿಮಾನವನ್ನು ಹಾರಿಸಿದವರು ಇದೇ ಹಾಡುಗಾರರು.

ನಮ್ಮೂರಿಗೂ ಇದರಲ್ಲಿ ಒಂದು ಪಾಲಿದೆ. ಐರನ್ ಮೇಡನ್ ಭಾರತದಲ್ಲಿ ಮೊದಲು ಹಾಡಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. 2009ರಲ್ಲಿ ಮತ್ತೆ ಅಲ್ಲಿಗೇ ಬಂದರು. ಆಗ ಕಾಲೇಜಿನಲ್ಲಿದ್ದವರು ಈಗ ನಲವತ್ತರ ಹತ್ತಿರ. ಅವರ ಕಿವಿಯಲ್ಲಿ ಉಳಿದಿರೋದು ಆಗಿನ ದನಿ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗಂಟಲು ಕೂಡ ಒಂದು ಸಿಸ್ಟಮ್ಮೇ

ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪೇಪರಿನಲ್ಲಿ ಇನ್‌ಪುಟ್, ಫಿಲ್ಟರ್, ಔಟ್‌ಪುಟ್ ಅಂತ ಓದ್ತೀವಲ್ಲ, ಮನುಷ್ಯನ ದನಿಯನ್ನೂ ಹಾಗೇ ನೋಡಬಹುದು. ಶ್ವಾಸಕೋಶದಿಂದ ಬರುವ ಗಾಳಿಗೆ ಗಂಟಲಿನ ಎರಡು ಧ್ವನಿ ಮಡಿಕೆಗಳು ಕಂಪಿಸುತ್ತವೆ. ಅದು ಇನ್‌ಪುಟ್. ಗಂಡಸರು ಮಾತಾಡುವಾಗ ಈ ಕಂಪನ ಸೆಕೆಂಡಿಗೆ ಸುಮಾರು 100ರಿಂದ 150 ಸಲ. ಹೆವಿ ಮೆಟಲ್ ಹಾಡಿನ ಮೇಲಿನ ಸ್ವರಗಳಲ್ಲಿ ಅದು 500 ದಾಟುತ್ತೆ. ಆ ಶಬ್ದ ಹಾಗೇ ಹೊರಗೆ ಬಂದರೆ ಬರೀ ಝೇಂಕಾರ. ಗಂಟಲು, ನಾಲಿಗೆ, ಬಾಯಿ, ತುಟಿ ಸೇರಿ ಅದನ್ನು ಸೋಸಿ ಆಕಾರ ಕೊಡುತ್ತವೆ. ಅದು ಫಿಲ್ಟರ್. ಒಬ್ಬರ ದನಿಯನ್ನು ಫೋನಿನಲ್ಲೂ ಗುರುತು ಹಿಡೀತೀವಿ ಅಂದರೆ ಅದರಲ್ಲಿ ಈ ಫಿಲ್ಟರಿನ ಪಾಲು ದೊಡ್ಡದು.

ವಯಸ್ಸಾದಂತೆ ಧ್ವನಿ ಮಡಿಕೆಗಳ ಸ್ನಾಯು ತೆಳುವಾಗುತ್ತೆ, ಸುತ್ತಲಿನ ಮೃದ್ವಸ್ಥಿ ಗಟ್ಟಿಯಾಗುತ್ತೆ, ಮೇಲಿನ ಸ್ವರಗಳಿಗೆ ಏರೋದು ಕಷ್ಟ ಆಗುತ್ತೆ. ಎಲ್ಲ ಹಾಡುಗಾರರಿಗೂ ಆಗೋದೇ ಇದು. ಬ್ರೂಸ್ ವಿಷಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅವರ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತು. ಏಳು ವಾರ ಕೀಮೋಥೆರಪಿ ಮತ್ತು ರೇಡಿಯೇಷನ್ ಆಯ್ತು. ಚಿಕಿತ್ಸೆ ಮುಗಿದ ಮೇಲೆ, 2015ರ ಫೆಬ್ರವರಿಯಲ್ಲಿ, ಸುದ್ದಿ ಹೊರಬಂತು. ಅದೇ ಮೇ ತಿಂಗಳಲ್ಲಿ ವೈದ್ಯರು ಕ್ಯಾನ್ಸರ್ ಹೋಗಿದೆ ಅಂದರು.

ಗಡ್ಡೆ ಇದ್ದ ಜಾಗ ಗಮನಿಸಿ. ಧ್ವನಿ ಮಡಿಕೆಯಲ್ಲಲ್ಲ, ನಾಲಿಗೆಯ ಬುಡದಲ್ಲಿ. ಅಂದರೆ ಪೆಟ್ಟು ಬಿದ್ದಿದ್ದು ಇನ್‌ಪುಟ್‌ಗಿಂತ ಹೆಚ್ಚಾಗಿ ಫಿಲ್ಟರಿಗೆ. ಜೊತೆಗೆ ಆ ಭಾಗಕ್ಕೆ ರೇಡಿಯೇಷನ್ ಕೊಟ್ಟಾಗ ಜೊಲ್ಲು ಗ್ರಂಥಿಗಳಿಗೂ ಹಾನಿ ಆಗಿ ಬಾಯಿ ಒಣಗುತ್ತೆ. ಹಾಡುಗಾರರಿಗೆ ಒಣ ಗಂಟಲು ಅಂದರೆ ಆಯಿಲ್ ಇಲ್ಲದ ಎಂಜಿನ್. ಇಷ್ಟಾದ ಮೇಲೆ 2016ರಲ್ಲಿ ಬ್ರೂಸ್ ಮತ್ತೆ ಟೂರ್ ಹೊರಟರು. ಆ ಸಲ ಹಾರಿಸಿದ್ದು ಬೋಯಿಂಗ್ 747.

ಆಲ್ಬಮ್ಮಿನಲ್ಲಿ ಏನಿದೆ?

ಒಟ್ಟು ಹತ್ತು ಹಾಡು, ಒಂದು ಗಂಟೆಗೆ ಸ್ವಲ್ಪ ಕಮ್ಮಿ. ಗಿಟಾರ್ ಮತ್ತು ಪ್ರೊಡಕ್ಷನ್ ಹಳೆಯ ಜೊತೆಗಾರ ರಾಯ್ ಝಡ್ ಅವರದ್ದು. ಜೊತೆಗೆ ಇದೇ ಹೆಸರಿನ ಕಾಮಿಕ್ ಸರಣಿಯೂ ಬಂದಿದೆ.

'ರೇನ್ ಆನ್ ದಿ ಗ್ರೇವ್ಸ್' ಕೇಳಿದರೆ ಈ ದನಿಯ ಲೆಕ್ಕಾಚಾರ ಗೊತ್ತಾಗುತ್ತೆ. ಚರಣದಲ್ಲಿ ಹೆಚ್ಚುಕಮ್ಮಿ ಮಾತಾಡ್ತಾರೆ, ನಾಟಕದ ಪಾತ್ರಧಾರಿ ಥರ. ಪಲ್ಲವಿಗೆ ಬಂದಾಗ ಮಾತ್ರ ದನಿ ಬಿಚ್ಚುತ್ತಾರೆ. 'ಫೇಸ್ ಇನ್ ದಿ ಮಿರರ್' ಅಕೂಸ್ಟಿಕ್ ಗಿಟಾರಿನ ಮೆಲ್ಲನೆಯ ಹಾಡು, ಕುಡಿತದ ಬಗ್ಗೆ. ಕೊನೆಯ 'ಸೊನಾಟಾ' ಹತ್ತು ನಿಮಿಷದ ಹತ್ತಿರ. 'ಎಟರ್ನಿಟಿ ಹ್ಯಾಸ್ ಫೇಲ್ಡ್' ಹಾಡಿನ ಕಥೆ ಮಜವಾಗಿದೆ. ಅದನ್ನು ಬ್ರೂಸ್ ಬರೆದಿದ್ದು ತಮ್ಮ ಸೋಲೋ ಆಲ್ಬಮ್ಮಿಗೆ. ಅದು ಬ್ಯಾಂಡಿನ ಪಾಲಾಗಿ, ಸ್ವಲ್ಪ ಬೇರೆ ಹೆಸರಿನಲ್ಲಿ 2015ರ 'ದಿ ಬುಕ್ ಆಫ್ ಸೋಲ್ಸ್' ಆಲ್ಬಮ್ಮಿನ ಮೊದಲ ಹಾಡಾಯಿತು. ಒಂಬತ್ತು ವರ್ಷ ಬಿಟ್ಟು ಈಗ ತವರಿಗೆ ಬಂದಿದೆ. ಬ್ಯಾಂಡ್ ಆಲ್ಬಮ್ಮಿನ ರೆಕಾರ್ಡಿಂಗ್ ಕ್ಯಾನ್ಸರ್ ಪತ್ತೆ ಆಗೋಕೆ ಮುಂಚೆಯೇ ಮುಗಿದಿತ್ತು. ಹಾಗಾಗಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ.

ಜಗಳ ಯಾವುದರ ಮೇಲೆ?

ಒಂದು ಪಕ್ಷದವರು ಹೇಳೋದು: ಹಾಡು ಚೆನ್ನಾಗಿದೆ, ಆದರೆ ಸೈರನ್ ಇಲ್ಲ. ಮೇಲಿನ ಸ್ವರದಲ್ಲಿ ಎಳೆತ ಕೇಳುತ್ತೆ, ಮಿಕ್ಸಿಂಗ್ ಮಸುಕಾಗಿದೆ, 'ಕೆಮಿಕಲ್ ವೆಡ್ಡಿಂಗ್' ಪಕ್ಕ ಇಟ್ಟರೆ ಸಾಲದು. ಇನ್ನೊಂದು ಪಕ್ಷದವರು ಹೇಳೋದು: ಕ್ಯಾನ್ಸರ್ ಗೆದ್ದು ಅರವತ್ತೈದರಲ್ಲಿ ಹೀಗೆ ಹಾಡ್ತಿದ್ದಾರೆ, ಅದೇ ದೊಡ್ಡದು, ಕೊಂಕು ತೆಗೀಬೇಡಿ. 'ಸೊನಾಟಾ' ಬಗ್ಗೆಯೂ ಹೀಗೇ: ಕೆಲವರಿಗೆ ಇಡೀ ಆಲ್ಬಮ್ಮಿನ ಜೀವ, ಕೆಲವರಿಗೆ ಮುಗಿಯದ ಹಾಡು.

ನಮಗೆ ಅನ್ನಿಸೋದು, ಇಬ್ಬರೂ ಆಲ್ಬಮ್ಮನ್ನು ಪೂರ್ತಿ ಕೇಳ್ತಿಲ್ಲ. ಮೊದಲನೆಯವರು ಕಿವಿಯಲ್ಲಿರುವ ಹಳೆಯ ದನಿ ಜೊತೆ ಹೋಲಿಸ್ತಾರೆ. ಎರಡನೆಯವರು ಮೆಡಿಕಲ್ ರಿಪೋರ್ಟ್ ನೋಡಿ ಗ್ರೇಸ್ ಮಾರ್ಕ್ಸ್ ಕೊಡ್ತಾರೆ. ಗ್ರೇಸ್ ಮಾರ್ಕ್ಸಿನಲ್ಲಿ ಪಾಸಾಗೋದು ಹೇಗಿರುತ್ತೆ ಅಂತ ನಮ್ಮ ಕಾಲೇಜಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದು ಮರ್ಯಾದೆ ಅಲ್ಲ, ಕನಿಕರ.

ಇಲ್ಲಿ ಗಂಗೂಬಾಯಿ ಹಾನಗಲ್ ನೆನಪಾಗ್ತಾರೆ. ಸಂಗೀತ ಪೂರ್ತಿ ಬೇರೆ, ಆದರೆ ಗಂಟಲಿನ ಕಥೆ ಹತ್ತಿರದ್ದು. ಮೊದಲು ಅವರದ್ದು ತೆಳುವಾದ ಇಂಪು ದನಿ. ಗಂಟಲಿನ ಚಿಕಿತ್ಸೆ ಆದ ಮೇಲೆ ಅದು ಗಡುಸಾಯಿತು, ಗಂಡು ದನಿಯಂತಾಯಿತು. ಅವರು ಹಳೆಯ ದನಿಯ ಹಿಂದೆ ಓಡಲಿಲ್ಲ, ಹೊಸ ದನಿಯಲ್ಲೇ ರಾಗ ಕಟ್ಟಿದರು. ಇವತ್ತು ಗಂಗೂಬಾಯಿ ಅಂದರೆ ನಮಗೆ ಕೇಳಿಸೋದು ಆ ಎರಡನೇ ದನಿಯೇ.

ಬ್ರೂಸ್ ಅಷ್ಟು ದೂರ ಹೋಗಿಲ್ಲ. ಕೆಲವು ಕಡೆ ಹಳೆಯ ಎತ್ತರಕ್ಕೆ ಕೈ ಚಾಚಿದ್ದಾರೆ, ಅಲ್ಲಿ ಸುಸ್ತು ಕೇಳುತ್ತೆ. ಅದನ್ನು ಹೇಳೋದರಲ್ಲಿ ತಪ್ಪಿಲ್ಲ. ಆದರೆ ಕೆಳಗಿನ ಸ್ವರದಲ್ಲಿ ಕಥೆ ಹೇಳೋ ಕಡೆ 1982ರ ಹುಡುಗನಿಗೆ ಬಾರದ ತೂಕ ಇದೆ. ಅದನ್ನೂ ಹೇಳಬೇಕು. ಕೊರತೆಯನ್ನೂ ಕಸುಬನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಹಾಡುಗಾರನನ್ನು ಹಾಡುಗಾರನ ಹಾಗೆ ನೋಡಿದಂತೆ.

ಹೊಸದಾಗಿ ಕೇಳೋರು ಹಳೆಯ ಹಾಡುಗಳಿಂದ ಶುರು ಮಾಡಬೇಡಿ. ಹೆಡ್‌ಫೋನ್ ಹಾಕಿ, 'ಆಫ್ಟರ್‌ಗ್ಲೋ ಆಫ್ ರಾಗ್ನರಾಕ್'ನಿಂದ ಕೊನೆವರೆಗೂ ಶಫಲ್ ಇಲ್ಲದೆ ಕೇಳಿ. ಆಮೇಲೆ 1998ಕ್ಕೆ, 1982ಕ್ಕೆ ಹೋಗಿ. ನಾವು ಹೊಸಬರಾಗಿರೋದರ ಲಾಭವೇ ಅದು. ನಮ್ಮ ಕಿವಿಯಲ್ಲಿ ಹಳೆಯ ಬ್ರೂಸ್ ಇನ್ನೂ ಕೂತಿಲ್ಲ.