ಮೇಲ್ದರ್ಜೆಗೇರಿಸಿದ ಲ್ಯಾಪ್‌ಟಾಪಿನಲ್ಲಿ ನೀಲಿ ಪರದೆ: ಕಾರಣಗಳು ಮತ್ತು ಹತೋಟಿ ಕ್ರಮಗಳು

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಸುತ್ತಿನಲ್ಲಿ, ಹಾಗೆಯೇ ಸಾಗರ ಮತ್ತು ಹೊಸನಗರದ ಕಡೆಯಲ್ಲಿಯೂ, 2020 ಮತ್ತು 2021ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ್ದಾಗ ಮಕ್ಕಳ ಪಾಠದ ಸಲುವಾಗಿ ಲ್ಯಾಪ್‌ಟಾಪ್ ಕೊಂಡ ಕುಟುಂಬಗಳು ಅನೇಕ. ಮಕ್ಕಳು ಓದು ಮುಗಿಸಿ ಪಟ್ಟಣ ಸೇರಿದರು, ಯಂತ್ರ ಮನೆಯಲ್ಲಿ ಉಳಿಯಿತು. ಇಂದು ಅದರಲ್ಲಿ ಕೊನೆ ಕೊಯ್ಲಿನ ಲೆಕ್ಕ, ಕೊನೆಗಾರರ ಕೂಲಿ, ಮಂಡಿಗೆ ಹಾಕಿದ ಅಡಿಕೆಯ ತೂಕಪಟ್ಟಿ, ಸ್ವಸಹಾಯ ಸಂಘದ ಖಾತೆ, ಪಹಣಿಯ ಪ್ರತಿ, ಬೆಳೆ ವಿಮೆಯ ರಸೀತಿ ಎಲ್ಲವೂ ಸೇರಿಕೊಂಡಿವೆ. ಹಿಂದೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಿದ್ದ ಕಾಗದಗಳ ಜಾಗವನ್ನು ಈ ಯಂತ್ರ ಹಿಡಿದಿದೆ ಎಂದರೆ ತಪ್ಪಾಗಲಾರದು.

ಈ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 10 ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯೊಂದಿಗೆ ಬಂದವು. 2015ರ ಜುಲೈ 29ರಂದು ಹೊರಬಂದ ಆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆದಕಾರಣ ವಿಂಡೋಸ್ 11ಕ್ಕೆ ಏರಿಸಿಕೊಳ್ಳಿರೆಂಬ ಸೂಚನೆ ಪರದೆಯ ಮೇಲೆ ಪದೇ ಪದೇ ಬಂದಿತು, ಬಹಳ ಮಂದಿ ಒಪ್ಪಿಗೆ ಕೊಟ್ಟರು. ಅವರಲ್ಲಿ ಕೆಲವರ ಯಂತ್ರಗಳು ಏರಿಸಿದ ಮರುದಿನದಿಂದಲೇ ನೀಲಿ ಪರದೆ ತೋರಿಸಿ ತಾವಾಗಿಯೇ ನಿಂತು ಮತ್ತೆ ಪ್ರಾರಂಭವಾಗತೊಡಗಿದವು. ಇದಕ್ಕೆ ಕಾರಣವೇನು, ರೈತರು ಮನೆಯಲ್ಲಿಯೇ ಏನು ಮಾಡಬಹುದು, ಎಲ್ಲಿ ಕೈ ಬಿಟ್ಟು ತಿಳಿದವರ ಬಳಿ ಹೋಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನೀಲಿ ಪರದೆ ಎಂದರೇನು?

ಪಂಪ್‌ಸೆಟ್ಟಿನ ಸ್ಟಾರ್ಟರ್ ಟ್ರಿಪ್ ಆಗುವುದನ್ನು ಎಲ್ಲರೂ ಬಲ್ಲರು. ಒಂದು ಫೇಸ್ ಹೋದರೆ ಅಥವಾ ಮೋಟಾರಿಗೆ ಹೊರೆ ಹೆಚ್ಚಾದರೆ ರಿಲೇ ಕಳಚಿಕೊಂಡು ಮೋಟಾರನ್ನು ನಿಲ್ಲಿಸುತ್ತದೆ. ಅದು ರೋಗವಲ್ಲ, ರೋಗದಿಂದ ಮೋಟಾರನ್ನು ಕಾಯುವ ಕ್ರಮ. ನೀಲಿ ಪರದೆಯೂ ಇಂಥದ್ದೇ. ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಿನಲ್ಲಿ ಸರಿಪಡಿಸಲಾಗದ ದೋಷ ಕಂಡುಬಂದಾಗ, ಮುಂದುವರಿದರೆ ಡಿಸ್ಕಿನಲ್ಲಿರುವ ಬರಹಗಳು ಕೆಡಬಹುದೆಂದು ಯಂತ್ರವು ಎಲ್ಲ ಕೆಲಸವನ್ನೂ ನಿಲ್ಲಿಸಿ, ದೋಷದ ಗುರುತನ್ನು ಒಂದು ಕಡತದಲ್ಲಿ ಬರೆದಿಟ್ಟು, ಮತ್ತೆ ಪ್ರಾರಂಭವಾಗುತ್ತದೆ. ರಿಲೇ ಕಳಚಿದಾಗಲೆಲ್ಲ ಕಾರಣ ಹುಡುಕದೆ ಹಸಿರು ಗುಂಡಿ ಒತ್ತುತ್ತ ಹೋದವರ ಮೋಟಾರು ಕೊನೆಗೆ ರಿವೈಂಡಿಂಗ್ ಅಂಗಡಿ ಸೇರುತ್ತದೆ.

ಪರದೆ ಮೈಲುತುತ್ತದ ಬಣ್ಣದ್ದೇ ಆಗಿರಬೇಕೆಂದಿಲ್ಲ. 2025ರ ಮಳೆಗಾಲದಲ್ಲಿ ಬಂದ ನವೀಕರಣದ ನಂತರ ವಿಂಡೋಸ್ 11ರಲ್ಲಿ ಇದೇ ಪರದೆ ಕಪ್ಪು ಬಣ್ಣದಲ್ಲಿ ಬರುತ್ತದೆ. ಬಣ್ಣ ಬದಲಾದ ಮಾತ್ರಕ್ಕೆ ಬೇರೆ ರೋಗವೆಂದು ಗಾಬರಿಯಾಗಬೇಕಾಗಿಲ್ಲ.

ಕಾರಣಗಳು

ಯಂತ್ರದ ಒಂದೊಂದು ಅಂಗಕ್ಕೂ, ಅಂದರೆ ಧ್ವನಿ, ಪರದೆ, ವೈಫೈ, ಡಿಸ್ಕ್, ಪ್ರಿಂಟರ್ ಇವುಗಳಿಗೆ, ಡ್ರೈವರ್ ಎಂಬ ಚಿಕ್ಕ ತಂತ್ರಾಂಶವಿರುತ್ತದೆ. ಇದು ವ್ಯವಸ್ಥೆಯ ತಿರುಳಿನಲ್ಲಿಯೇ ಕುಳಿತು ಕೆಲಸ ಮಾಡುತ್ತದೆ. ಹಳೆಯ ವ್ಯವಸ್ಥೆಗೆ ಹೊಂದಿಕೊಂಡಿದ್ದ ಡ್ರೈವರ್ ಹೊಸದಕ್ಕೆ ಹೊಂದದೆ ಹೋದಾಗ ಇಡೀ ಯಂತ್ರವೇ ಬೀಳುತ್ತದೆ. ಒಂದಕ್ಕೊಂದು ಒಗ್ಗದ ಎರಡು ಔಷಧಿಗಳನ್ನು ಒಂದೇ ಡ್ರಮ್ಮಿನಲ್ಲಿ ಬೆರೆಸಿದರೆ ದ್ರಾವಣ ಒಡೆದು ಸಿಂಪರಣೆ ಕೆಡುತ್ತದಲ್ಲವೇ? ಬೇರೆ ಬೇರೆಯಾಗಿ ನೋಡಿದರೆ ಎರಡೂ ಒಳ್ಳೆಯ ಔಷಧಿಗಳೇ. ಏರಿಸಿದ ನಂತರದ ನೀಲಿ ಪರದೆಯಲ್ಲಿ ನಾವು ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದ ಉದಾಹರಣೆಯೊಂದಿದೆ. 2021ರ ಸುಮಾರಿಗೆ ಮಾರಾಟವಾದ ಅನೇಕ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಸಂಸ್ಥೆಯ 11ನೇ ತಲೆಮಾರಿನ ಕೋರ್ ಸಂಸ್ಕಾರಕವಿದೆ. ಈ ಸಂಸ್ಕಾರಕದ ಯಂತ್ರಗಳಲ್ಲಿ ಇಂಟೆಲ್ ಸ್ಮಾರ್ಟ್ ಸೌಂಡ್ ಎಂಬ ಧ್ವನಿ ಡ್ರೈವರಿನ ಹಳೆಯ ಆವೃತ್ತಿಗಳು (10.29.0.5152 ಮತ್ತು 10.30.0.5152) ವಿಂಡೋಸ್ 11ರೊಡನೆ ಸೇರಿದಾಗ ನೀಲಿ ಪರದೆ ಬರುತ್ತಿತ್ತು. ಸಂಖ್ಯೆಯ ಕೊನೆಯ ಭಾಗ 5714 ಅಥವಾ ಅದಕ್ಕಿಂತ ಮೇಲಿನದಾದ ಆವೃತ್ತಿಯನ್ನು ಹಾಕಿಕೊಂಡರೆ ಸರಿಹೋಗುತ್ತದೆ. ಅಂದರೆ ಬರೀ ಹಾಡು ಕೇಳಿಸುವ ತಂತ್ರಾಂಶವೊಂದು ಇಡೀ ಲೆಕ್ಕದ ಪುಸ್ತಕವನ್ನೇ ಮುಚ್ಚಿಸಬಲ್ಲದು. ಇನ್ನೊಂದು ಉದಾಹರಣೆ 2024ರ ಅಕ್ಟೋಬರಿನದು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಎಸ್‌ಎನ್ 770 ಮತ್ತು ಎಸ್‌ಎನ್ 580 ಮಾದರಿಯ 2 ಟಿಬಿ ಡಿಸ್ಕುಗಳಿದ್ದ ಯಂತ್ರಗಳು ಕುಸಿದವು. ಹೊಸ ಆವೃತ್ತಿಯು ಆ ಡಿಸ್ಕಿಗೆ ಮೊದಲಿನ 64 ಎಂಬಿಯ ಬದಲು 200 ಎಂಬಿ ಸ್ಮೃತಿಯನ್ನು ಬಿಟ್ಟುಕೊಟ್ಟದ್ದೇ ಕಾರಣ. ಡಿಸ್ಕಿನೊಳಗಿನ ತಂತ್ರಾಂಶವನ್ನು ನವೀಕರಿಸಿದ ಮೇಲೆ ದೋಷ ನಿಂತಿತು. ಡಿಸ್ಕ್ ಬದಲಾಯಿಸಬೇಕಾಗಲಿಲ್ಲ.

ಎರಡನೆಯ ಕಾರಣ ಹೊರಗಿನಿಂದ ಹಾಕಿಸಿಕೊಂಡ ವೈರಸ್ ನಿರೋಧಕ ತಂತ್ರಾಂಶ. ಇದೂ ತಿರುಳಿನಲ್ಲಿಯೇ ಬೇರು ಬಿಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಆ ದಿನ ಪ್ರಯಾಣಿಕರು ಪರದಾಡಿದರು. ಅಷ್ಟು ದೊಡ್ಡ ಅನಾಹುತಕ್ಕೆ ಪರಿಹಾರ ಮಾತ್ರ ಸಣ್ಣದು: ಯಂತ್ರವನ್ನು ಸೇಫ್ ಮೋಡಿನಲ್ಲಿ ಪ್ರಾರಂಭಿಸಿ ಆ ಒಂದು ಕಡತವನ್ನು ಅಳಿಸುವುದು.

ಮೂರನೆಯದು ನಮ್ಮ ಮಲೆನಾಡಿನ ವಿಶೇಷ. ನಾಲ್ಕೈದು ವರ್ಷ ಹಳೆಯದಾದ ಲ್ಯಾಪ್‌ಟಾಪಿನ ಬ್ಯಾಟರಿ ಬಹುತೇಕ ಸತ್ತಿರುತ್ತದೆ, ಯಂತ್ರ ನೇರವಾಗಿ ಕರೆಂಟಿನ ಮೇಲೆ ನಡೆಯುತ್ತಿರುತ್ತದೆ. ಏರಿಸುವ ಕೆಲಸದ ನಡುವೆ ಕರೆಂಟು ಹೋದರೆ ವ್ಯವಸ್ಥೆಯ ಕಡತಗಳು ಅರೆಬರೆಯಾಗಿ ಉಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಇನ್ವರ್ಟರ್ ಇಲ್ಲದ ಮನೆಯಲ್ಲಿ, ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಡಿಸ್ಕಿನಲ್ಲಿ ಜಾಗ ಸಾಲದಿರುವುದೂ ತೊಂದರೆ ಕೊಡುತ್ತದೆ. ಕನಿಷ್ಠ 30 ಜಿಬಿ ಖಾಲಿ ಇಟ್ಟುಕೊಳ್ಳತಕ್ಕದ್ದು.

ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳ ಮೇಲೆ ಅನುಮಾನ ಪಡುವವರೂ ಇದ್ದಾರೆ. ಇಂತಹ ಬರವಣಿಗೆಯ ತಂತ್ರಾಂಶ ಕೆಟ್ಟರೆ ಸಾಮಾನ್ಯವಾಗಿ ತಾನು ಮಾತ್ರ ಮುಚ್ಚಿಕೊಳ್ಳುತ್ತದೆ, ಯಂತ್ರವನ್ನು ಕೆಡವುವುದಿಲ್ಲ.

ಮೊದಲು ಲೆಕ್ಕ ಉಳಿಸಿಕೊಳ್ಳಿ

ಮೇಳಿಗೆ ಸಮೀಪದ ಬೆಳೆಗಾರರೊಬ್ಬರು ಇಂತಹ ಯಂತ್ರವನ್ನು ದುರಸ್ತಿಗೆ ಕೊಟ್ಟಾಗ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆಂದು ಹೇಳಿ ಅಂಗಡಿಯವರು ಹಾಗೆಯೇ ಮಾಡಿದರು. ಯಂತ್ರವೇನೋ ಸರಿಹೋಯಿತು. "ಮಾರಾಯ್ರೇ, ಮೂರು ವರ್ಷದ ಕೊಯ್ಲಿನ ಲೆಕ್ಕ, ಸಂಘದ ಹದಿನಾಲ್ಕು ಜನರ ಉಳಿತಾಯದ ಪಟ್ಟಿ ಎಲ್ಲ ಅದರಲ್ಲೇ ಇತ್ತು" ಎಂದು ಅವರು ಹೇಳಿದಾಗ ಉತ್ತರಿಸಲು ಏನೂ ಇರಲಿಲ್ಲ. ಸಂಘದ ಸದಸ್ಯರ ಪಾಸ್ ಪುಸ್ತಕಗಳನ್ನು ಮನೆಮನೆಯಿಂದ ತಂದು ಪಟ್ಟಿಯನ್ನು ಮತ್ತೆ ಬರೆಯಲು ಅವರಿಗೆ ಒಂದು ತಿಂಗಳೇ ಹಿಡಿಯಿತು. ಆ ಯಂತ್ರಕ್ಕೆ ಫಾರ್ಮ್ಯಾಟ್ ಬೇಕಿತ್ತೇ ಎಂಬುದನ್ನು ಯಾರೂ ಪರೀಕ್ಷಿಸಿರಲೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಫಾರ್ಮ್ಯಾಟ್ ಎಂಬುದು ತೋಟಕ್ಕೆ ರೋಗ ಬಂತೆಂದು ಮರಗಳನ್ನೆಲ್ಲ ಕಡಿದು ಹೊಸದಾಗಿ ಸಸಿ ಇಡುವ ಕೆಲಸ. ಅದು ಕಟ್ಟಕಡೆಯದು.

ಆದ್ದರಿಂದ ಯಂತ್ರ ಹತ್ತು ನಿಮಿಷವಾದರೂ ನಿಲ್ಲುವಂತಿದ್ದರೆ, ಬೇರೆ ಯಾವ ಪ್ರಯೋಗಕ್ಕೂ ಮೊದಲು ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಬೇಕು. ನಿಲ್ಲದಿದ್ದರೆ ಸೇಫ್ ಮೋಡಿನಲ್ಲಿ ನಕಲು ಮಾಡಬಹುದು.

ಜೊತೆಗೆ ಇನ್ನೊಂದು ಮುಖ್ಯ ವಿಷಯವಿದೆ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ತಾನಾಗಿಯೇ ಬಿದ್ದಿರುತ್ತದೆ, ಮನೆಯವರಿಗೆ ಅದರ ಅರಿವೇ ಇರುವುದಿಲ್ಲ. ಯಂತ್ರ ತೊಂದರೆಗೆ ಸಿಕ್ಕಿದಾಗ 48 ಅಂಕಿಗಳ ಒಂದು ಕೀಲಿಸಂಖ್ಯೆಯನ್ನು ಕೇಳುತ್ತದೆ. ಅದಿಲ್ಲದೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಕಡತಗಳು ಸಿಗುವುದಿಲ್ಲ. ಯಂತ್ರವನ್ನು ಮೊದಲು ತೆರೆದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಈ ಸಂಖ್ಯೆ ದಾಖಲಾಗಿರುತ್ತದೆ. ಆ ಖಾತೆ ಎಷ್ಟೋ ಮನೆಗಳಲ್ಲಿ ಮಗನದ್ದೋ ಮಗಳದ್ದೋ ಆಗಿರುತ್ತದೆ. ಅವರಿಗೆ ಫೋನು ಮಾಡಿ, ಮೊಬೈಲಿನಲ್ಲಿಯೇ ಖಾತೆ ತೆರೆಸಿ, 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಪಹಣಿಯ ಕಡತದಲ್ಲಿ ಇಡಿ.

ಪತ್ತೆ ಮತ್ತು ಚಿಕಿತ್ಸೆ

ಪರದೆಯ ಕೆಳಭಾಗದಲ್ಲಿ ಸ್ಟಾಪ್ ಕೋಡ್ ಎಂಬ ಒಂದು ಸಾಲು ಬರುತ್ತದೆ. ಅದು ಮರೆಯಾಗುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ರೋಗದ ಎಲೆಯನ್ನು ಕಿತ್ತು ತರದೆ "ಎಲೆ ಹಳದಿಯಾಗಿದೆ" ಎಂದಷ್ಟೇ ಹೇಳುವವರಿಗೆ ನಾವು ಔಷಧಿ ಹೇಳಲಾರೆವು, ಇಲ್ಲಿಯೂ ಹಾಗೆಯೇ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದಿದ್ದರೆ ವ್ಯವಸ್ಥೆಗೆ ತನ್ನ ಡಿಸ್ಕೇ ಸಿಗುತ್ತಿಲ್ಲ. ಐಆರ್‌ಕ್ಯೂಎಲ್ ಎಂಬ ಅಕ್ಷರಗಳಿದ್ದರೆ ಯಾವುದೋ ಡ್ರೈವರ್ ತನ್ನದಲ್ಲದ ಸ್ಮೃತಿಗೆ ಕೈ ಹಾಕಿದೆ. ವಿಡಿಯೊ ಟಿಡಿಆರ್ ಎಂದರೆ ಪರದೆಯ ಡ್ರೈವರ್. ಮೆಮೊರಿ ಮ್ಯಾನೇಜ್‌ಮೆಂಟ್ ಅಥವಾ ಡಬ್ಲ್ಯೂಎಚ್‌ಇಎ ಎಂದಿದ್ದರೆ ಯಂತ್ರದ ಅಂಗಗಳ ಮೇಲೂ ಅನುಮಾನವಿಡಬೇಕು. ಕೆಲವೊಮ್ಮೆ "ಸಿಸ್" ಎಂದು ಕೊನೆಗೊಳ್ಳುವ ಕಡತದ ಹೆಸರೂ ಇರುತ್ತದೆ. ಅದೇ ಅಪರಾಧಿ ಡ್ರೈವರಿನ ಹೆಸರು.

ಸೇಫ್ ಮೋಡ್ ಎಂಬುದು ಅತ್ಯಗತ್ಯವಾದ ಡ್ರೈವರುಗಳನ್ನು ಮಾತ್ರ ಇಟ್ಟುಕೊಂಡು ಯಂತ್ರ ನಡೆಯುವ ಸ್ಥಿತಿ. ಪ್ರವೇಶದ ಪರದೆ ಬರುವಂತಿದ್ದರೆ ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದು ರೀಸ್ಟಾರ್ಟ್ ಆರಿಸಬೇಕು. ಅದೂ ಬಾರದಿದ್ದರೆ, ಲಾಂಛನ ಕಂಡೊಡನೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿದರೆ ಯಂತ್ರವು ದುರಸ್ತಿಯ ಪರದೆಯನ್ನು ತಾನೇ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಸಾಗಿ, ಬಂದ ಪಟ್ಟಿಯಲ್ಲಿ 4ನ್ನು ಒತ್ತಬೇಕು. ಬೀಗವಿರುವ ಯಂತ್ರ ಇಲ್ಲಿಯೇ 48 ಅಂಕಿಗಳನ್ನು ಕೇಳಬಹುದು.

ಸೇಫ್ ಮೋಡಿನಲ್ಲಿ ಒಂದೆರಡು ಗಂಟೆ ಯಂತ್ರ ಕುಸಿಯದೆ ನಿಂತರೆ ದೋಷ ಬಹುಮಟ್ಟಿಗೆ ಡ್ರೈವರಿನದೋ ಹೊರಗಿನ ತಂತ್ರಾಂಶದ್ದೋ ಎಂದು ತಿಳಿಯಬೇಕು. ಅಲ್ಲಿಯೂ ಕುಸಿದರೆ ಸ್ಮೃತಿ, ಡಿಸ್ಕ್ ಅಥವಾ ಅರೆಬರೆಯಾದ ವ್ಯವಸ್ಥೆಯ ಕಡತಗಳ ಕಡೆ ನೋಡಬೇಕು.

ಇಲ್ಲಿಂದ ಮುಂದೆ ಕ್ಷೇತ್ರ ಪ್ರಯೋಗದ ನಿಯಮವನ್ನೇ ಪಾಲಿಸಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ, ನಂತರ ಒಂದು ದಿನ ಕಾದು ನೋಡುವುದು. ಗೊಬ್ಬರ, ಸುಣ್ಣ, ಔಷಧಿ ಮೂರನ್ನೂ ಒಂದೇ ವಾರ ಹಾಕಿದವರಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮೊದಲು ಪ್ರಿಂಟರ್, ಡಾಂಗಲ್, ಬೆರಳಚ್ಚಿನ ಸಾಧನ ಮುಂತಾದ ಹೊರಗಿನ ಉಪಕರಣಗಳನ್ನೆಲ್ಲ ಕಳಚಿ ನೋಡಬೇಕು. ಆಮೇಲೆ ಹೊರಗಿನ ವೈರಸ್ ನಿರೋಧಕವನ್ನು ತೆಗೆಯಬೇಕು. ವಿಂಡೋಸಿನಲ್ಲಿಯೇ ಡಿಫೆಂಡರ್ ಇರುವುದರಿಂದ ಯಂತ್ರ ಕಾವಲಿಲ್ಲದೆ ಉಳಿಯುವುದಿಲ್ಲ. ಆನಂತರ ಡ್ರೈವರುಗಳು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು, ಅನುಮಾನವಿರುವ ಅಂಗದ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬುದಿದ್ದರೆ ಅದನ್ನು ಬಳಸಬಹುದು. ಇಲ್ಲವಾದರೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ನಿಮ್ಮ ಮಾದರಿ ಸಂಖ್ಯೆಗೆ ವಿಂಡೋಸ್ 11ರ ಡ್ರೈವರನ್ನು ತರಬೇಕು. ಡ್ರೈವರ್ ಹುಡುಕಿ ಕೊಡುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ಹತ್ತಿರ ಸೇರಿಸಬಾರದು.

ವ್ಯವಸ್ಥೆಯ ಕಡತಗಳು ಕೆಟ್ಟಿರಬಹುದೆಂದು ಕಂಡರೆ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಎಸ್‌ಎಫ್‌ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ತೆರಪು, ಒಂದು ಓರೆಗೆರೆ, ಅದಕ್ಕೆ ಅಂಟಿದಂತೆ ಸ್ಕ್ಯಾನ್‌ನೌ ಎಂದು ಬರೆದು ಎಂಟರ್ ಒತ್ತಬೇಕು. ಯಂತ್ರ ತನ್ನ ಕಡತಗಳನ್ನು ತಾನೇ ಪರೀಕ್ಷಿಸಿ ಕೆಟ್ಟವನ್ನು ಬದಲಾಯಿಸಿಕೊಳ್ಳುತ್ತದೆ. ಹಳೆಯ ಯಂತ್ರದಲ್ಲಿ ಅರ್ಧ ಗಂಟೆಯೂ ಹಿಡಿಯಬಹುದು, ನಡುವೆ ಆರಿಸಬಾರದು.

ಇದಾವುದೂ ಫಲಿಸದಿದ್ದರೆ ಹಿಂದಿನ ವ್ಯವಸ್ಥೆಗೆ ಮರಳುವ ದಾರಿಯುಂಟು. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ಎಂಬಲ್ಲಿ ಗೋ ಬ್ಯಾಕ್ ಇರುತ್ತದೆ. ಆದರೆ ಇದು ಏರಿಸಿದ 10 ದಿನಗಳೊಳಗೆ ಮಾತ್ರ. ಜಾಗ ಮಾಡಲೆಂದು ವಿಂಡೋಸ್ ಓಲ್ಡ್ ಎಂಬ ಕಡತಕೋಶವನ್ನು ಅಳಿಸಿದವರಿಗೆ ಅದೂ ಇಲ್ಲ. ಏರಿಸಿದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟರೆ ಈ ಅವಧಿ ತಪ್ಪುವುದಿಲ್ಲ. ಮರಳಿದವರು ಸಾಮಾನ್ಯ ಬೆಂಬಲ ನಿಂತ ವ್ಯವಸ್ಥೆಯಲ್ಲಿರುತ್ತಾರೆಂಬುದನ್ನು ನೆನಪಿಡಬೇಕು. ಬ್ಯಾಂಕಿನ ವ್ಯವಹಾರವನ್ನು ಅಂತಹ ಯಂತ್ರದಲ್ಲಿ ಮಾಡದಿರುವುದು ಒಳ್ಳೆಯದು.

ಅಂಗಗಳ ದೋಷ

ಸ್ಮೃತಿಯ ಪರೀಕ್ಷೆಗೆ ವಿಂಡೋಸಿನಲ್ಲಿಯೇ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಸಾಧನವಿದೆ. ಹುಡುಕುವ ಜಾಗದಲ್ಲಿ ಆ ಹೆಸರು ಬರೆದರೆ ಸಿಗುತ್ತದೆ. ದೋಷವಿದೆಯೆಂದು ತೋರಿಸಿದರೆ ಯಂತ್ರ ಬಿಚ್ಚಬಲ್ಲವರಿಂದ ಸ್ಮೃತಿಯ ಪಟ್ಟಿಯನ್ನು ತೆಗೆಸಿ, ಸಂಪರ್ಕಗಳನ್ನು ಒರೆಸಿ ಮತ್ತೆ ಕೂರಿಸಬೇಕು. ತೇವದ ತಿಂಗಳುಗಳಲ್ಲಿ ಇಷ್ಟರಿಂದಲೇ ಸರಿಹೋಗುವ ಯಂತ್ರಗಳುಂಟು. ಸುಲಿಗೆಯ ಕಾಲದ ಅಡಿಕೆ ಧೂಳು ಫ್ಯಾನಿನಲ್ಲಿ ತುಂಬಿ ಕಾವು ಹೆಚ್ಚಾದಾಗ ಯಂತ್ರ ಪರದೆ ತೋರಿಸದೆ ತಟ್ಟನೆ ಆರುವುದೇ ಹೆಚ್ಚು. ಎರಡನ್ನೂ ಬೇರ್ಪಡಿಸಿ ನೋಡಬೇಕು.

ದುರಸ್ತಿಗೆ ಕೊಡುವಾಗ ಒಂದು ಚೀಟಿ ಬರೆದು ಯಂತ್ರಕ್ಕೆ ಅಂಟಿಸಿ: ಏರಿಸಿದ ದಿನಾಂಕ, ಸ್ಟಾಪ್ ಕೋಡಿನ ಸಾಲು, ಸೇಫ್ ಮೋಡಿನಲ್ಲಿ ನಿಂತಿತೇ ಇಲ್ಲವೇ, ನೀವು ಈವರೆಗೆ ಮಾಡಿ ನೋಡಿದ ಕ್ರಮಗಳು. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು" ಎಂದು ಬರೆದು ಫೋನ್ ಸಂಖ್ಯೆ ಹಾಕಿ.